ಹತ್ತಿ ಖೋಲಿಯ ಹಾಡು

ಇವತ್ತು ಮಾಡಿದ ಕೆಲಸ ಇಷ್ಟು. ಬೆಳಿಗ್ಗೆ ಎದ್ದು ಅಂಗಳ ಕಸ ಹೊಡೆದು ನೀರು ಚಿಮುಕಿಸಿದೆ. ಎಮ್ಮೆ ಹಿಂಡಿದೆ, ಅರ್ಧ ಲೀಟರು ಹಾಲು ಕಡಿಮೆ ಕೊಟ್ಟಿತು, ಅದರ ಮುಖ ನೋಡಿದರೆ ಅದಕ್ಕೇನೂ ನಾಚಿಕೆ ಆದಂತೆ ಕಾಣಲಿಲ್ಲ. ಎಂಟು ಹತ್ತು ದಿನಕ್ಕೊಮ್ಮೆ ಬರುವ ನಳದ ನೀರು ಇವತ್ತೇ ಬಂತು. ಹಂಡೆ, ಕೊಡ, ಬ್ಯಾರಲ್ಲು ಎಲ್ಲ ತುಂಬಿಸಿ, ಇನ್ನೂ ಬರುತ್ತಿದೆಯಲ್ಲಾ ಅಂತ ಆಸೆಗೆ ಚಹಾದ ಕಿಟ್ಲಿಯನ್ನೂ ತುಂಬಿಸಿಟ್ಟೆ. ಹನ್ನೆರಡು ರೊಟ್ಟಿ ಬಡಿದೆ. ದೊಡ್ಡವ್ವನ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ದೊಡ್ಡವ್ವ ಅಂದರೆ ನನ್ನ ಅತ್ತೆ; ಓಣಿಗೆಲ್ಲ ಆಕೆ ದೊಡ್ಡವ್ವ, ಕೇಳಿ ಕೇಳಿ ನನ್ನ ಬಾಯಿಗೂ ಅದೇ ರೂಢಿ. ಮಧ್ಯಾಹ್ನ ಮೊರದ ತುಂಬ ಜೋಳ ಹಾಕಿಕೊಂಡು ಹರಳು ಆರಿಸಲಿಕ್ಕೆ ಕುಳಿತೆ. ಬಾಜೂಕ್ಕೆ ಫೋನು ಇಟ್ಟುಕೊಂಡು ನೀಲಾಳ ಹಾಡು ಹಚ್ಚಿದೆ.

ಇದೊಂದು ಚಟವಾಗಿಬಿಟ್ಟಿದೆ. ಒಂದು ಮೊರ ಜೋಳಕ್ಕೆ ಎರಡು ಹಾಡು. ಆರೂ ಹಾಡು ಮುಗಿಯಿತು ಅಂದರೆ ಮೂರು ಮೊರ ಜೋಳ ಹಸನಾಗಿರುತ್ತದೆ, ಗಡಿಯಾರ ನೋಡುವ ಕೆಲಸವಿಲ್ಲ. ಇದನ್ನು ನೀಲಾಳ ಮುಂದೆ ಹೇಳಿದಾಗ ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕು, "ಚಿಗವ್ವಾ, ನನ್ನ ಹಾಡಿನ ಬಗ್ಗೆ ಇಲ್ಲೀತನಾ ಯಾರೂ ಹಿಂಗ ಬರದಿಲ್ಲ ನೋಡು" ಅಂದಳು. ಬರೆಯುವವರೂ ಇದ್ದಾರೆ. ಆಕೆ ಹಾಡುಗಳನ್ನು ನೆಟ್ಟಿಗೆ ಹಾಕುತ್ತಾಳೆ. ಎಲ್ಲೆಲ್ಲಿಯವರೋ ಕೇಳಿ ಕೆಳಗೆ ಎರಡೆರಡು ಸಾಲು ಬರೆಯುತ್ತಾರೆ. ಒಬ್ಬರು ತಮ್ಮ ಹಳೆಯ ಮನೆ ನೆನಪಾಯಿತು ಅಂತ ಬರೆದಿದ್ದರು. ಇನ್ನೊಬ್ಬರು ಏನೂ ಬರೆಯದೆ ಒಂದು ಚುಕ್ಕೆ ಇಟ್ಟಿದ್ದರು. ಆ ಚುಕ್ಕೆಗೆ ಏನರ್ಥ ಅಂತ ನಾನು ಎರಡು ದಿನ ತಲೆ ಕೆಡಿಸಿಕೊಂಡೆ.

ನೀಲಾ ನನ್ನ ಅಕ್ಕನ ಮಗಳು. ಕಲಘಟಗಿಯಲ್ಲಿ ಬೆಳೆದವಳು, ಈಗ ಹುಬ್ಬಳ್ಳಿಯ ಒಂದು ಕಣ್ಣಿನ ದವಾಖಾನೆಯಲ್ಲಿ ನೌಕರಿ. ಬಂದವರನ್ನು ಕುರ್ಚಿಯ ಮೇಲೆ ಕೂಡಿಸಿ, ಗೋಡೆಯ ಅಕ್ಷರ ಓದಿಸಿ, ಚಾಳೀಸಿನ ನಂಬರು ಹೇಳುವುದು. ದಿನವೆಲ್ಲ "ಇದು ಕಾಣ್ತದನ್ರಿ? ಈಗ ಕಾಣ್ತದನ್ರಿ?" ಅಂತ ಕೇಳಿ ಕೇಳಿ ಗಂಟಲು ಒಣಗಿಸಿಕೊಂಡವಳು ರಜೆಯ ದಿನ ಹಾಡುತ್ತಾಳೆ. ಒಬ್ಬಳೇ. ಒಂದು ಗಿಟಾರು, ಒಂದು ಫೋನು, ಹುಣಸೇಬೀಜದಷ್ಟು ಒಂದು ಮೈಕು.

ಮೊದಲ ಸಲ ಆಕೆಯ ಹಾಡು ಕೇಳಿದಾಗಿನ ನನ್ನ ಶಾಣ್ಯಾತನ ಹೇಳುತ್ತೇನೆ. ಒಂದು ತಂತಿ ಮೀಟಿದ ಸಪ್ಪಳ ಬಂತು. ಆಮೇಲೆ ಏನೂ ಇಲ್ಲ. ಮತ್ತೊಂದು ತಂತಿ. ಮತ್ತೆ ಏನೂ ಇಲ್ಲ. ನಾನು ಫೋನನ್ನು ಜಾಡಿಸಿದೆ, ಅಂಗೈ ಮೇಲೆ ಎರಡು ಸಲ ಬಡಿದೆ.

"ಯಾಕ ಬಡೀತಿ ಚಿಗವ್ವಾ?"

"ನಿಂತೈತಲ್ಲ ಇದು."

"ನಿಂತಿಲ್ಲ. ಅದೂ ಹಾಡ."

"ಸುಮ್ಮ ಇರೂದೂ ಹಾಡನು?"

"ಹೂಂ. ನಡುವ ಸುಮ್ಮ ಇರಬೇಕು. ಅಂದ್ರ ಮುಂದಿಂದು ಕೇಳತೈತಿ."

ನಮ್ಮ ಮನೆಯವರು ಅಲ್ಲೇ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು, ಅಂಥ ಮನುಷ್ಯ. "ಹಂಗಾರ ನಾ ಮೂವತ್ತು ವರ್ಷದಿಂದ ಹಾಡಾಕತ್ತೇನಿ ನೋಡವಾ" ಅಂದರು. ಆ ದಿನದ ಹತ್ತೂ ಮಾತು ಅಲ್ಲಿಗೆ ಖರ್ಚಾದವು.

ಹಾಡಿನ ಮಾತುಗಳೂ ಹಾಗೆಯೇ, ಎಂಟು ಸಾಲು ಆಯಿತೆಂದರೆ ಮುಗಿಯಿತು. ನಳದ ಮೇಲೊಂದು ಹಾಡಿದೆ:

ನಳ ಬಂದ್ ಆಗೇತಿ
ಆದರೂ ಒಂದ್ ಹನಿ
ತನ್ನಷ್ಟಕ್ಕ ತಾನ
ಬೀಳಾಕತ್ತೈತಿ

ಇದನ್ನೇ ಎರಡು ಸಲ ಹಾಡುತ್ತಾಳೆ, ಎರಡನೆಯ ಸಲ ಇನ್ನಷ್ಟು ಸಣ್ಣ ದನಿಯಲ್ಲಿ. ಯಾವ ನಳ ಇದು ಅಂತ ಕೇಳಿದೆ. ಯಾವುದಾದರೂ ಅಂದಳು. ವಾಶರ್ ಹಾಕಿಸಿದರೆ ಸರಿಹೋಗುತ್ತಿತ್ತಲ್ಲ ಅಂದೆ. ಆಕೆ ನನ್ನನ್ನು, ದೊಡ್ಡ ಅಕ್ಷರವೂ ಕಾಣದ ಮನುಷ್ಯರನ್ನು ನೋಡುವಂತೆ ನೋಡಿದಳು.

ನನಗೆ ತಿಳಿಯದೆ ಇದ್ದದ್ದು ಒಂದೇ. ಈ ಹುಡುಗಿಗೆ ದುಃಖ ಎಲ್ಲಿಂದ ಬಂತು? ಅಪ್ಪ ಅವ್ವ ಗಟ್ಟಿಮುಟ್ಟಾಗಿದ್ದಾರೆ. ನೌಕರಿ ಇದೆ. ಹಲ್ಲುನೋವು ಕೂಡ ಬಂದಿಲ್ಲ. ಯಾರಾದರೂ ಮನಸ್ಸಿಗೆ ನೋವು ಮಾಡಿರಬಹುದೇ ಅಂತ ಸುತ್ತುಬಳಸಿ ಕೇಳಿದೆ, ಆಮೇಲೆ ನೇರವಾಗಿಯೇ ಕೇಳಿದೆ. "ಏನೂ ಇಲ್ಲ ಚಿಗವ್ವಾ" ಅಂದಳು, ಉಪ್ಪಿಟ್ಟು ಇನ್ನೊಂದು ಸಲ ಹಾಕಿಸಿಕೊಂಡಳು. ದುಃಖ ಇದ್ದವರು ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುವುದಿಲ್ಲ ಅಂತ ನನ್ನ ಎಣಿಕೆ. ಎಣಿಕೆ ತಪ್ಪೂ ಇರಬಹುದು.

ನನ್ನ ಸಮಸ್ಯೆ ಏನೆಂದರೆ, ನಾನು ಬೆಳೆದ ಮನೆಯಲ್ಲಿ ಯಾರೂ ಒಬ್ಬರೇ ಹಾಡಿದ್ದೇ ಇಲ್ಲ. ನಮ್ಮಪ್ಪ ಸೋಮವಾರದ ಭಜನೆಗೆ ಹೋಗುತ್ತಿದ್ದ. ಅಪ್ಪನಿಗೆ ಸ್ವರವೂ ಇರಲಿಲ್ಲ, ತಾಳವೂ ಇರಲಿಲ್ಲ. ಆದರೂ ಹತ್ತು ಮಂದಿಯ ನಡುವೆ ಅವನ ದನಿ ಹೇಗೋ ದಡ ಸೇರುತ್ತಿತ್ತು. ಒಮ್ಮೆ ಉಳಿದವರೆಲ್ಲ ಒಂದು ಸಾಲು ಬೇಗ ಮುಗಿಸಿ ಸುಮ್ಮನಾಗಿ, ಅಪ್ಪನ ದನಿ ಒಂದೇ ಗುಡಿಯ ತುಂಬ ಉಳಿದುಬಿಟ್ಟಿತು. ಮನೆಗೆ ಬಂದು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಅವ್ವ ಬೀಸುವಾಗ ಹಾಡುತ್ತಿದ್ದಳು, ಅದೂ ಎದುರಿಗೆ ಗೂಟ ಹಿಡಿದವರೊಬ್ಬರು ಇದ್ದರೆ ಮಾತ್ರ. ಒಬ್ಬಳೇ ಬೀಸುವಾಗ ಬಾಯಿ ಮುಚ್ಚಿಕೊಂಡೇ ಬೀಸುತ್ತಿದ್ದಳು. ಹಾಡು ಅಂದರೆ ಒಬ್ಬರು ಎತ್ತಿಕೊಡಬೇಕು, ಇನ್ನೊಬ್ಬರು ಹಿಡಿದುಕೊಳ್ಳಬೇಕು. ಮುಚ್ಚಿದ ಬಾಗಿಲ ಒಳಗೆ, ಹಿಡಿದುಕೊಳ್ಳುವವರು ಯಾರೂ ಇಲ್ಲದೆ ಹಾಡುವುದೆಂದರೆ ನನಗೆ, ಒಬ್ಬರೇ ಚೌಕಾಬಾರ ಆಡಿದಂತೆ.

ಇನ್ನು ಆ ಮುಚ್ಚಿದ ಬಾಗಿಲ ಕಥೆ.

ನಮ್ಮೂರು ಶಲವಡಿ ದಾಟಿ ಹೋದರೆ ಸಿಗುತ್ತದೆ. ಎರೆಮಣ್ಣಿನ ನಾಡು. ಹತ್ತಿ ಬಿಡಿಸುವ ಹೊತ್ತಿಗೆ ಮನೆಯೊಳಗಿನ ಒಂದು ಖೋಲಿ ಖಾಲಿ ಮಾಡಿ, ಬಿಡಿಸಿ ತಂದ ಹತ್ತಿಯನ್ನೆಲ್ಲ ಅದರೊಳಗೆ ಸುರಿಯುತ್ತೇವೆ. ದಿನ ದಿನಕ್ಕೆ ಏರುತ್ತ ಏರುತ್ತ ತೊಲೆ ಮುಟ್ಟುತ್ತದೆ. ನಾವು ಸಣ್ಣವರಿದ್ದಾಗ ಅದರೊಳಗೆ ಜಿಗಿಯುವುದೇ ಒಂದು ಆಟ. ಜಿಗಿದು ಎದ್ದವರಿಗೆ ಆಮೇಲೆ ಮೈತುಂಬ ತುರಿಕೆ, ಅದರ ಮೇಲೆ ಅವ್ವನ ಏಟು. "ಹತ್ತ್ಯಾಗ ಮುಳುಗಿದರ ಯಾರಿಗೂ ಕೇಳೂದಿಲ್ಲ" ಅಂತ ಹೆದರಿಸುತ್ತಿದ್ದರು. ಅದು ಸುಳ್ಳಲ್ಲ. ಆ ಖೋಲಿಯೊಳಗೆ ಕೂಗಿದರೆ ಕೂಗು ಬಾಯಿಯ ಮುಂದೆಯೇ ಬಿದ್ದುಬಿಡುತ್ತದೆ. ನಮ್ಮ ದನಿ ನಮ್ಮದಲ್ಲವೇನೋ ಅನ್ನಿಸುತ್ತದೆ.

ಹೋದ ವರ್ಷ ಹತ್ತಿಯ ಕಾಲಕ್ಕೆ ನೀಲಾ ಬಂದಿದ್ದಳು. ಕಲಘಟಗಿಯ ಭತ್ತದ ಕಡೆಯವಳಿಗೆ ಹತ್ತಿಯ ಗುಡ್ಡ ಹೊಸದು. ನೋಡಬೇಕು ಅಂತ ಒಳಗೆ ಹೋದಳು. ಅಷ್ಟರಲ್ಲಿ ಫೋನು ಬಂತು, ಒಳಗೇ ನಿಂತು "ಹಲೋ" ಅಂದಳು, ಅಂದವಳು ತಟ್ಟನೆ ಸುಮ್ಮನಾದಳು. ಬಾಗಿಲಿಗೆ ಬಂದು ಕರೆದಳು.

"ಚಿಗವ್ವಾ, ಈ ಖೋಲ್ಯಾಗ ದನಿ ಸಾಯತೈತಿ!"

"ದನಿ ಸತ್ತರ ಛಲೋನು?"

"ಅಗದಿ ಛಲೋ! ಹುಬ್ಬಳ್ಳ್ಯಾಗ ನನ್ನ ರೂಮಿನಾಗ ಬಾಜೂದವರ ಮಿಕ್ಸರ್, ಕೆಳಗಿನವರ ಟೀವಿ, ಎಲ್ಲಾ ಹಾಡಿನೊಳಗ ಬಂದ್ ಕುಂದರತಾವ. ದೊಡ್ಡ ಊರಾಗ ಗೋಡಿಗೆಲ್ಲಾ ಸ್ಪಂಜು ಬಡದು ಇಂಥಾ ಖೋಲಿ ಮಾಡ್ತಾರ." ಆಮೇಲೆ ದನಿ ಇಳಿಸಿ ಕೇಳಿದಳು, "ನಾ ಐತವಾರ ಐತವಾರ ಬಂದು ಇಲ್ಲೆ ಹಾಡ್ಲಿ? ಹೊರಗ ಯಾರಿಗೂ ಕೇಳೂದಿಲ್ಲಲ್ಲಾ?"

ಯಾರಿಗೂ ಕೇಳುವುದಿಲ್ಲ ಅಂದೆ. ಆ ಪ್ರಶ್ನೆ ನನಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

ನನ್ನ ನಾದಿನಿಯ ಮದುವೆಯಲ್ಲಿ ನೀಲಾ ಹನ್ನೊಂದು ವರ್ಷದವಳು. ಅರಿಷಿಣ ಹಚ್ಚುವಾಗ ಹೆಂಗಸರು ಸೋಬಾನೆ ಎತ್ತಿಕೊಂಡರು. ಈ ಹುಡುಗಿಯೂ ನಡುವೆ ನಿಂತು ಹಾಡಿಗೆ ಹಾಡು ಕೂಡಿಸಿದಳು. ಆಗಲೇ ಆಕೆಯದು ಹೀಗೆಯೇ, ಕೆಳಗಿನ ದನಿ, ಎಳೆದು ಎಳೆದು ಬರುವ ದನಿ. ಉಳಿದವರು ಒಬ್ಬೊಬ್ಬರಾಗಿ ಸುಮ್ಮನಾಗಿ ಇವಳದೊಂದೇ ಉಳಿಯಿತು. ಮದುಮಗಳು ಅಳತೊಡಗಿದಳು. ಹಿರಿಯ ಹೆಂಗಸೊಬ್ಬಳು ಸೆರಗಿನಿಂದ ಕಣ್ಣು ಒರೆಸಿಕೊಂಡು, ಒರೆಸಿಕೊಂಡದ್ದಕ್ಕೇ ಸಿಟ್ಟಿಗೆದ್ದು, "ಯಾರ ಹುಡುಗಿಬೇ ಇದು? ಮದವಿ ಮನ್ಯಾಗ ಹಿಂಗ ಹಾಡ್ತಾರನು?" ಅಂದಳು. ನಾನು ಆ ಮನೆಯ ಸೊಸೆ, ಹುಡುಗಿ ನನ್ನ ತವರಿನ ಕಡೆಯವಳು. ಮರ್ಯಾದೆ ಹೋದಂತಾಯಿತು. ಕೈ ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋಗಿ, ಒಂದು ಬೇಸನ್ ಉಂಡಿ ಕೈಗೆ ಕೊಟ್ಟು, "ನೀ ಹಾಡಬ್ಯಾಡವಾ. ನಿಂದು ಅಳೂ ದನಿ ಐತಿ, ಶುಭಕ್ಕ ಬರೂದಿಲ್ಲ" ಅಂದೆ.

ಹುಡುಗಿ ಉಂಡಿಯನ್ನು ಪೂರ್ತಿ ತಿಂದಳು. ಅಳಲಿಲ್ಲ. ಅದಕ್ಕೇ ನಾನು, ಏನೂ ಆಗಿಲ್ಲ ಅಂತ ತಿಳಿದೆ. ಆಮೇಲೆ ಹದಿನೈದು ವರ್ಷ ಯಾವ ಮದುವೆಯಲ್ಲೂ, ಯಾವ ಬಸುರಿಯ ಕುಬಸದಲ್ಲೂ, ನಾಲ್ಕು ಮಂದಿಯ ಮುಂದೆ ಆಕೆ ಬಾಯಿ ಬಿಟ್ಟದ್ದನ್ನು ನಾನು ನೋಡಲಿಲ್ಲ. ಈಗ ನಮ್ಮ ಮನೆಗೇ ಬಂದು, ಹತ್ತಿಯೊಳಗೆ ಹೊಕ್ಕು, ಯಾರಿಗೂ ಕೇಳುವುದಿಲ್ಲವಲ್ಲಾ ಅಂತ ನನ್ನನ್ನೇ ಕೇಳುತ್ತಿದ್ದಾಳೆ.

ಹೀಗೆ ಐತವಾರಗಳು ಶುರುವಾದವು. ಮುಂಜಾನೆಯ ಬಸ್ಸಿಗೆ ಬರುವಳು, ಚಹಾ ಕುಡಿಯುವಳು, ಗಿಟಾರು ತಗೊಂಡು ಹತ್ತಿ ಖೋಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ನೆಲದ ಮೇಲೆ ಇಷ್ಟೇ ಇಷ್ಟು ಜಾಗ. ಅಲ್ಲಿ ನವಲಗುಂದದ ಹಳೇ ಜಮಖಾನ ಮಡಚಿ ಹಾಸಿ ಕೊಟ್ಟಿದ್ದೆ. ಊಟದ ಹೊತ್ತಿಗೆ ಹೊರಗೆ ಬಂದರೆ ತಲೆತುಂಬ ಹತ್ತಿ. ದೊಡ್ಡವ್ವ ಅದನ್ನು ಒಂದೊಂದೇ ಎಳೆ ಆರಿಸುತ್ತ, "ಬರೇ ಐತವಾರ ನಿನಗ ಮುಪ್ಪು ಬರತೈತಲ್ಲಬೇ" ಅನ್ನುವಳು. ಒಳಗೆ ಏನು ಮಾಡುತ್ತಾಳೆ ಅಂತ ದೊಡ್ಡವ್ವ ಕೇಳಿದರೆ, ಆಫೀಸಿನ ಕೆಲಸ ಅಂತ ನಾನು ಹೇಳುತ್ತಿದ್ದೆ. ತಂಬೂರಿ ತಗೊಂಡು ಎಂಥಾ ಆಫೀಸಿನ ಕೆಲಸ ಅಂತ ಆಕೆ ಒಮ್ಮೆಯೂ ಕೇಳಲಿಲ್ಲ.

ಐದು ಐತವಾರಕ್ಕೆ ಐದು ಹಾಡಾದವು. ಆರನೆಯದು ಉಳಿದಿತ್ತು. ಅಷ್ಟರಲ್ಲಿ ನಮ್ಮ ಮನೆಯವರು ಹತ್ತಿ ಮಾರಿ, ಮಂಗಳವಾರ ಲಾರಿ ಬರುತ್ತದೆ ಅಂತ ಹೇಳಿದರು. ಅಂದರೆ ಅದೇ ಕೊನೆಯ ಐತವಾರ.

ಆ ದಿನ ಖೋಲಿಯಲ್ಲಿ ಬಹಳ ಸೆಖೆ. ನೀಲಾಳ ಹಣೆಯ ಮೇಲಿಂದ ಬೆವರು ಇಳಿಯುತ್ತಿತ್ತು. ಮಾಳಿಗೆ ಹತ್ತಿ ಹೋಗಿ, ಆ ಖೋಲಿಯ ಬೆಳಕಿಂಡಿಯ ಮೇಲೆ ಮುಚ್ಚಿದ್ದ ಡಬ್ಬಿಯನ್ನು ತೆಗೆದುಬಿಟ್ಟೆ. ಒಂದಿಷ್ಟು ಗಾಳಿ ಆಡಲಿ ಅಂತ. ನಮ್ಮ ಕಡೆಯ ಮಣ್ಣಿನ ಮಾಳಿಗೆಗಳು ನೀವು ನೋಡಿರಬೇಕು, ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದು ತುದಿಯಲ್ಲಿ ಹತ್ತಿದವರು ಓಣಿಯ ಇನ್ನೊಂದು ತುದಿಯಲ್ಲಿ ಇಳಿಯಬಹುದು. ಬಾಜೂ ಮನೆಯ ಚನ್ನವ್ವ ಅದೇ ಹೊತ್ತಿಗೆ ತನ್ನ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಲಿಕ್ಕೆ ಬರುತ್ತಾಳೆ ಅನ್ನುವುದು ನನಗೆ ಹೊಳೆಯಲೇ ಇಲ್ಲ. ಹೊಳೆಯಬೇಕಿತ್ತು. ಇಪ್ಪತ್ತು ವರ್ಷದಿಂದ ಅದೇ ಹೊತ್ತಿಗೆ ಬರುತ್ತಾಳೆ.

ಆರನೆಯ ಹಾಡು ಹೀಗಿತ್ತು:

ಎದ್ದು ಹೋದಾಕಿ
ಹಾಸಿಗಿ ಇನ್ನಾ ಬೆಚ್ಚಗೈತಿ
ಮಡಚಲೋ ಬ್ಯಾಡೋ
ಯಾರನ್ನ ಕೇಳಲಿ

ಚನ್ನವ್ವನ ಕಿವಿಗೆ ಇಷ್ಟೂ ಸ್ಪಷ್ಟವಾಗಿ ಬಿದ್ದಿದೆ. ಈಗ ಆಕೆಯ ಕಡೆಯಿಂದಲೂ ವಿಚಾರ ಮಾಡಬೇಕು. ಹೆಂಗಸರು ಒಬ್ಬೊಬ್ಬರೇ ಹಾಡುವುದಿಲ್ಲ ಅಂದೆನಲ್ಲ, ಒಂದೇ ಒಂದು ಹೊತ್ತು ಬಿಟ್ಟು. ಮನೆಯಲ್ಲಿ ಯಾರಾದರೂ ಹೋದರೆ ನಮ್ಮ ಕಡೆ ಹಾಡ್ಯಾಡಿ ಅಳುತ್ತಾರೆ. ಒಬ್ಬಳೇ ಎಳೆದು ಎಳೆದು ಒಂದು ಮಾತು ಹಾಡುತ್ತಾಳೆ, ಉಸಿರು ಹಿಡಿಯುತ್ತಾಳೆ, ನಡುವೆ ಸುಮ್ಮನಾಗುತ್ತಾಳೆ, ಮತ್ತೊಂದು ಮಾತು. ಮುಚ್ಚಿದ ಖೋಲಿ, ಒಂದು ಹೆಣ್ಣು ದನಿ, ಎದ್ದು ಹೋದಾಕಿಯ ಬೆಚ್ಚಗಿನ ಹಾಸಿಗೆ. ಸಾಲದ್ದಕ್ಕೆ ದೊಡ್ಡವ್ವ ನೆಗಡಿ ಕೆಮ್ಮಿನಿಂದ ಮೂರು ದಿನ ಮುಂದಿನ ಕಟ್ಟೆಗೆ ಬಂದು ಕುಳಿತಿರಲಿಲ್ಲ. ಚನ್ನವ್ವನ ಜಾಗದಲ್ಲಿ ನಾನಿದ್ದರೂ ಮೆಣಸಿನಕಾಯಿ ಅಲ್ಲೇ ಬಿಟ್ಟು ಓಡಿಬರುತ್ತಿದ್ದೆ.

ನಾನು ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದೆ. ಹೊರಗೆ ಪಡಸಾಲೆಯಲ್ಲಿ ಒಮ್ಮೆಲೇ ಅಳು ಎದ್ದಿತು.

"ಎವ್ವಾ ನನ್ನ ದೊಡ್ಡವ್ವಾ... ಮೂರ್ ದಿನಾ ಕಟ್ಟಿಗೆ ಬರಲಿಲ್ಲಲ್ಲೇ ನನ್ನವ್ವಾ... ಲಿಂಬಿಕಾಯಿ ಉಪ್ಪಿನಕಾಯಿ ಕೊಡತೇನಂದಾಕಿ ಹಂಗ ಹ್ವಾದೆಲ್ಲೇ ನನ್ನವ್ವಾ..."

ಹಿಟ್ಟಿನ ಕೈಯಲ್ಲೇ ಓಡಿಬಂದೆ. ಚನ್ನವ್ವ ತಲೆತುಂಬ ಸೆರಗು ಹೊದ್ದು, ಕಣ್ಣು ಮುಚ್ಚಿ, ಗೋಡೆಗೆ ಆತುಕೊಂಡು ಹಾಡ್ಯಾಡುತ್ತಿದ್ದಾಳೆ. ಹಿಂದೆ ಓಣಿಯ ಏಳು ಮಂದಿ ಹೆಂಗಸರು ಕೂಡುತ್ತಿದ್ದಾರೆ. ನನಗೋ ಯಾರು ಹೋದರು ಅನ್ನುವುದೇ ತಿಳಿಯದು. ಅಷ್ಟರಲ್ಲಿ ಒಳಖೋಲಿಯಿಂದ ದೊಡ್ಡವ್ವ ಗೋಡೆ ಹಿಡಿದುಕೊಂಡು ಬಂದಳು. ಅಳು ಕೇಳಿದ ಮೇಲೆ ಯಾರು ಏನು ಅಂತ ಕೇಳುತ್ತ ನಿಲ್ಲುವ ಕಾಲದವಳಲ್ಲ ಆಕೆ. ಸೆರಗು ಎಳೆದುಕೊಂಡು ಚನ್ನವ್ವನ ಬಾಜೂಕ್ಕೆ ಕುಳಿತು, ಆಕೆಯ ಕೊರಳಿಗೆ ಕೈ ಹಾಕಿ, ತಾನೂ ದನಿ ತೆಗೆದಳು.

"ಎವ್ವಾ ಯಾರ್ ಹ್ವಾದ್ರಬೇ ನನ್ನವ್ವಾ..."

"ದೊಡ್ಡವ್ವ ಹ್ವಾದಳಲ್ಲೇ ನನ್ನವ್ವಾ..."

"ಯಾವ ದೊಡ್ಡವ್ವಬೇ ನನ್ನವ್ವಾ..."

ಇಲ್ಲಿ ಚನ್ನವ್ವ ಕಣ್ಣು ತೆಗೆದಳು. ಆಕೆ ಚೀರಿದ ಚೀರಾಟ ಹತ್ತಿ ಖೋಲಿಯ ಬೆಳಕಿಂಡಿಯಿಂದ ಇಳಿದು, ಅದೇ ಹಾಡನ್ನು ಮತ್ತೊಮ್ಮೆ ಹಾಡಿ ಮುಗಿಸುತ್ತಿದ್ದ ನೀಲಾಳ ಮೈಕಿನೊಳಗೂ ಹೊಕ್ಕಿತು. ಇವತ್ತಿಗೂ ಇದೆ. ಆರನೆಯ ಹಾಡಿನ ಕೊನೆಗೆ, ತಂತಿಯ ಸಪ್ಪಳ ಇನ್ನೇನು ಆರಬೇಕು ಅನ್ನುವಾಗ, ದೂರದಲ್ಲಿ ಏನೋ ಒಂದು ಕೂಗುತ್ತದೆ. ನೀಲಾ ಅದನ್ನು ತೆಗೆದುಹಾಕಲಿಲ್ಲ. ಕೇಳಿದವರೊಬ್ಬರು ಕೆಳಗೆ ಬರೆದಿದ್ದಾರೆ, ಕೊನೆಗೆ ಬರುವ ಆ ಹಕ್ಕಿ ಯಾವುದು ಅಂತ. ಚನ್ನವ್ವನಿಗೆ ಇದನ್ನು ನಾವು ಇನ್ನೂ ತಿಳಿಸಿಲ್ಲ.

ದೊಡ್ಡವ್ವನಿಗೆ ವಿಷಯ ತಿಳಿಯಲು ಒಂದಿಷ್ಟು ಹೊತ್ತು ಹಿಡಿಯಿತು. "ನಾನಾ?" ಅಂದಳು. ತನ್ನ ಎರಡೂ ಮೊಣಕಾಲು ಮುಟ್ಟಿ ನೋಡಿಕೊಂಡಳು, ನೋವು ಇದ್ದ ಜಾಗದಲ್ಲೇ ಇತ್ತು. ಆಮೇಲೆ ಕುಳಿತವರನ್ನು ಒಬ್ಬೊಬ್ಬರಾಗಿ ಎಣಿಸಿದಳು.

"ಎಂಟ್ ಮಂದೀನ ಬಂದೀರಲ್ಲ. ಆ ಕಡಿ ಓಣಿಯವ್ರು ಯಾಕ ಬಂದಿಲ್ಲ?"

"ಇನ್ನಾ ಸುದ್ದಿ ಮುಟ್ಟಿಲ್ಲೇಳಬೇ" ಅಂದಳು ಒಬ್ಬಳು, ಸಮಾಧಾನ ಮಾಡುವ ದನಿಯಲ್ಲಿ.

ಆಗ ಹತ್ತಿ ಖೋಲಿಯ ಬಾಗಿಲು ತೆರೆಯಿತು. ನೀಲಾ ಬಂದು ನಿಂತಳು, ತಲೆತುಂಬ ಹತ್ತಿ, ಕೈಯಲ್ಲಿ ಗಿಟಾರು. ಎಲ್ಲರೂ ಆಕೆಯನ್ನೇ ನೋಡಿದರು.

"ನೀ ಏನವಾ ಒಳಗ ಅಳಾಕತ್ತಿದ್ದಾಕಿ?" ಚನ್ನವ್ವ ಕೇಳಿದಳು.

"ನಾ ಅತ್ತಿಲ್ರಿ. ಹಾಡಿದೆ."

ಚನ್ನವ್ವನಿಗೆ ನಾಚಿಕೆಯಾಗಿತ್ತು. ನಾಚಿಕೆಯಾದವರು ಸುಮ್ಮನಿರುವುದು ಕಡಿಮೆ. "ಹಾಡು ಅಂದ್ರ ಹಾಡಿನಂಗ ಇರಬೇಕಲ್ಲಬೇ! ಹಿರ್ಯಾರು ಇರೂ ಮನ್ಯಾಗ ಇಂಥಾ ದನೀಲೆ ಹಾಡ್ತಾರನು? ಎದಿ ಒಡದು ಬಂದೇನಿ ನಾನು. ಯಾರೂ ಹೇಳಿಲ್ಲನು ನಿನಗ?"

ಹೇಳಿದವಳು ಅಲ್ಲೇ ಇದ್ದೆ, ಕೈಗೆಲ್ಲ ಜೋಳದ ಹಿಟ್ಟು ಮೆತ್ತಿಕೊಂಡು. ನೀಲಾ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ. ಕುರ್ಚಿಯ ಮೇಲೆ ಕುಳಿತವರು ಅಕ್ಷರ ಓದುತ್ತಾರೋ ಇಲ್ಲವೋ ಅಂತ ಕಾಯುತ್ತಾಳಲ್ಲ, ಹಾಗೆ. ಆಮೇಲೆ ಗಿಟಾರನ್ನು ಚೀಲಕ್ಕೆ ಹಾಕಿ ಚೈನು ಎಳೆಯತೊಡಗಿದಳು. ಈಗ ಚೈನು ಎಳೆದಳೆಂದರೆ ಮುಂದಿನ ವರ್ಷ ಹತ್ತಿ ಬಂದರೂ ಈ ಹುಡುಗಿ ಬರುವುದಿಲ್ಲ ಅಂತ ನನಗೆ ಗೊತ್ತಾಯಿತು. ಹುಬ್ಬಳ್ಳಿಯ ರೂಮಿನಲ್ಲೂ ಹಾಡಲಿಕ್ಕಿಲ್ಲ.

ನನಗೆ ದೊಡ್ಡ ಮಾತು ಬರುವುದಿಲ್ಲ. "ನಾನ ಹಾಡಾಕ ಹಚ್ಚೇನಿ" ಅಂದೆ. ದನಿ ಅರ್ಧ ಬಂತು, ಮತ್ತೊಮ್ಮೆ ಅಂದೆ. "ಚನ್ನಕ್ಕಾ, ನಾನ ಹಾಡಾಕ ಹಚ್ಚೇನಿ. ಆಕಿ ಸಣ್ಣಾಕಿ ಇದ್ದಾಗ ನಾ ಬ್ಯಾಡ ಅಂದಿದ್ದೆ, ತಪ್ಪಾಗಿತ್ತು. ಬಂದೀರಿ, ಕುಂತೀರಿ. ಕೇಳಿ ಹೋಗ್ರಿ."

ದೊಡ್ಡವ್ವ ಗೋಡೆಗೆ ಬೆನ್ನು ಹಚ್ಚಿ ಕಾಲು ಚಾಚಿದಳು. "ಅಲ್ಲಬೇ, ನಾ ಸತ್ತೇನಂತ ಓಣಿ ಎಬ್ಬಿಸಿದ ಹಾಡು ನಾನ ಕೇಳಿಲ್ಲಂದ್ರ ಹೆಂಗ? ತಗಿ ನಿನ್ನ ತಂಬೂರಿ."

ನೀಲಾ ಎಳೆದ ಚೈನನ್ನು ವಾಪಸು ಎಳೆದಳು. ಪಡಸಾಲೆಯಲ್ಲಿ ಕುಳಿತಳು. ಹತ್ತಿಯಿಲ್ಲ, ಬಾಗಿಲಿಲ್ಲ, ಎದುರಿಗೆ ಒಂಬತ್ತು ಮಂದಿ ಹೆಂಗಸರು. ಮೊದಲ ಸಾಲಿನಲ್ಲಿ ದನಿ ನಡುಗಿತು, ಎರಡನೆಯದರಲ್ಲಿ ಒಂದಿಷ್ಟು ನೆಟ್ಟಗಾಯಿತು. ನಡುವೆ ಸುಮ್ಮನಾದಾಗ ಒಬ್ಬಳು, "ಮುಗೀತನು?" ಅಂದಳು, ಇನ್ನೊಬ್ಬಳು "ತಡಿ, ಬರತೈತಿ" ಅಂದಳು. ಬಂತು. ಎಂಟು ಸಾಲು. ಮುಗಿಯಿತು.

"ಇಷ್ಟ?" ಅಂದಳು ಚನ್ನವ್ವ.

"ಇಷ್ಟ ರೀ."

"ಯಾರ ಹಾಸಿಗಿಯವಾ ಅದು?"

ನಾನು ಕಿವಿ ನಿಮಿರಿಸಿದೆ. ಐದು ವಾರದಿಂದ ನನಗೆ ಸಿಗದ ಉತ್ತರ ಇದು.

"ನನ್ನ ರೂಮಿನ್ಯಾಗ ಒಬ್ಬಾಕಿ ಗೆಳತಿ ಇದ್ದಳ್ರಿ. ನಸುಕಿನ್ಯಾಗ ಎದ್ದು ಸಾಮಾನ ಕಟಗೊಂಡು ಹ್ವಾದ್ಲು. ನಾ ಎದ್ದಾಗ ಹಾಸಿಗಿ ಇನ್ನಾ ಬೆಚ್ಚಗಿತ್ತು."

"ಅಯ್ಯ, ಏನಾಗಿತ್ತವಾ ಪಾಪ?"

"ಏನಿಲ್ರಿ. ಧಾರವಾಡಕ್ಕ ಬದಲಿ ಆತು."

"ಧಾರವಾಡಕ್ಕ!" ಅಂತ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. "ತಾಸಿಗೆ ಹತ್ತ್ ಬಸ್ ಅದಾವಲ್ಲಬೇ ಧಾರವಾಡಕ್ಕ!" ಸತ್ತ ಮನೆಗೆಂದು ಬಂದ ಎಂಟರಲ್ಲಿ ಏಳು ಹೆಂಗಸರು ಗೋಡೆ ಹಿಡಿದುಕೊಂಡು ನಕ್ಕರು. ನೀಲಾಳೂ ನಕ್ಕಳು. ನಗದೆ ಇದ್ದವಳು ಚನ್ನವ್ವ ಒಬ್ಬಳೇ.

"ನಗಬ್ಯಾಡ್ರಿ. ಖರೇ ಐತಿ ಅದು" ಅಂದಳು. "ನನ್ನ ಮಗಳು ಬಾಣಂತನಾ ಮುಗಿಸಿ ಗಂಡನ ಮನಿಗೆ ಹ್ವಾದ್ಲು. ಗದಗೇನ್ ದೂರ? ಆದರೂ ಆ ಕೂಸಿನ ಹಾಸಿಗಿ ನಾ ಎರಡ್ ದಿನ ಮಡಚಲಿಲ್ಲ. ಮಡಚಬೇಕಂತ ಕೈ ಹಾಕೂದು, ಬಿಡೂದು. ಯಾರ ಮುಂದ ಹೇಳೂದು ಇದನ್ನ? ಇದೇನು ಹೇಳೂವಂಥಾ ದುಃಖನು?" ಮೂಗು ಒರೆಸಿಕೊಂಡಳು. "ಇನ್ನೊಮ್ಮೆ ಹಾಡವಾ. ಲಗೂ ಲಗೂ ಹಾಡಬ್ಯಾಡ, ಆವಾಗ ಹಾಡಿದಂಗ ಹಾಡು."

ಹೇಳುವಂಥದ್ದಲ್ಲದ ದುಃಖ. ಐದು ವಾರ ನಾನು ಆ ಹುಡುಗಿಯ ಸಂಬಳ, ಆರೋಗ್ಯ, ಹಲ್ಲು ಎಲ್ಲ ತಪಾಸಣೆ ಮಾಡಿದ್ದೆ. ಚನ್ನವ್ವ ಒಂದು ಸಲ ಕೇಳಿ ಹಿಡಿದುಬಿಟ್ಟಳು.

ಅಷ್ಟರಲ್ಲಿ ಬುತ್ತಿಗಳು ಬರತೊಡಗಿದವು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಓಣಿಯವರೇ ಅಡಿಗೆ ಮಾಡಿ ತರಬೇಕು. ಸುದ್ದಿ ಓಡಿದಷ್ಟು ಲಗೂ ಅದರ ತಿದ್ದುಪಡಿ ಓಡುವುದಿಲ್ಲ. ಆ ಕಡೆಯ ಓಣಿಯವಳೊಬ್ಬಳು ಅಳುಮೋರೆ ಮಾಡಿಕೊಂಡು ರೊಟ್ಟಿಯ ಬುಟ್ಟಿ ಹೊತ್ತು ಬಂದವಳು, ದೊಡ್ಡವ್ವ "ಬಾರಬೇ, ಈಗ ಬಂದೆನು?" ಅಂದದ್ದಕ್ಕೆ ಬುಟ್ಟಿ ಅಲ್ಲೇ ಕೆಳಗಿಟ್ಟುಬಿಟ್ಟಳು. ಇನ್ನೊಂದು ಮನೆಯಿಂದ ಝುಣಕ, ಮತ್ತೊಂದು ಮನೆಯಿಂದ ಅನ್ನ, ಕಟ್ಟಿನ ಸಾರು. ಈಗ ಪೇಚಾಟ ಶುರುವಾಯಿತು. ಸತ್ತ ಮನೆಗೆಂದು ತಂದದ್ದನ್ನು ತಿರುಗಿ ಒಯ್ಯಬಾರದು. ಯಾರೂ ಸಾಯದ ಮನೆಯಲ್ಲಿ ಉಣ್ಣಲೂಬಾರದು. ಎಮ್ಮೆಗೆ ಹಾಕೋಣ ಅಂದಳು ಒಬ್ಬಳು. ಎಮ್ಮೆ ಏನು ಪಾಪ ಮಾಡಿದೆ ಅಂದಳು ಇನ್ನೊಬ್ಬಳು.

"ತಾಟು ಹಾಕ್ರಿ" ಅಂದಳು ದೊಡ್ಡವ್ವ. "ನನ್ನ ಹೆಸರಿನ ಬುತ್ತಿ ನನ್ನ ಬಾಯಿಗೇ ಬರಾಕತ್ತೈತಿ. ಯಾವ ಮುದಿಕಿಗೆ ಸಿಗತೈತಿ ಈ ಭಾಗ್ಯ?"

ಉಂಡೆವು. ಮೂರು ಮನೆಯ ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಅನ್ನ, ಕಟ್ಟಿನ ಸಾರು, ಎಳೇ ಸೌತೆಕಾಯಿ. ಕೊನೆಗೆ ಚನ್ನವ್ವ ಲಿಂಬಿಕಾಯಿ ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡಳು. ನಮ್ಮ ಮನೆಯವರು ಹೊಲದಿಂದ ಬಂದು, ಹೆಂಗಸರಿಂದ ತುಂಬಿದ ಪಡಸಾಲೆ ನೋಡಿ, ಏನನ್ನೂ ಕೇಳದೆ ಕಟ್ಟೆಯ ಮೇಲೆ ತಾಟು ತರಿಸಿಕೊಂಡು ಉಂಡರು. ಮಧ್ಯಾಹ್ನ ಮೂರರ ಸುಮಾರು. ನೀಲಾ ಬಸ್ಸಿನ ಮಾತೆತ್ತಲಿಲ್ಲ. ಎಲ್ಲರೂ ಕುಳಿತಲ್ಲೇ ಒರಗಿದರು. ಆಕೆ ಉಳಿದ ಐದು ಹಾಡುಗಳನ್ನು ಒಂದೊಂದಾಗಿ ಹಾಡತೊಡಗಿದಳು. ನಳದ ಹಾಡು ಎರಡನೆಯ ಸಲ ಸಣ್ಣ ದನಿಗೆ ಇಳಿಯುವ ಹೊತ್ತಿಗೆ ದೊಡ್ಡವ್ವನ ತಲೆ ವಾಲಿತು, ಬಾಯಿ ತೆರೆಯಿತು. ಚನ್ನವ್ವ ಮೆಲ್ಲಗೆ ಸರಿದು ಹೋಗಿ ಆಕೆಯ ಮೂಗಿನ ಕೆಳಗೆ ಬೆರಳು ಹಿಡಿದು ನೋಡಿದಳು. ದೊಡ್ಡವ್ವ ಗೊರಕೆ ಹೊಡೆದಳು. ನೀಲಾಳಿಗೆ ನಗು ಬಂದು ಒಂದು ಸಾಲು ಅರ್ಧಕ್ಕೇ ಹೋಯಿತು, ಹೋದದ್ದನ್ನು ಮತ್ತೆ ಮೊದಲಿಂದ ಎತ್ತಿಕೊಂಡಳು. ಎರಡನೆಯವಳಾಗಿ ಮಲಗಿದವಳು ಚನ್ನವ್ವ. ಮೂರನೆಯವಳು ನಾನಂತೆ. ಎದ್ದಾಗ ಬಿಸಿಲು ಕಟ್ಟೆ ಇಳಿದಿತ್ತು, ಹೆಂಗಸರಲ್ಲಿ ನಾಲ್ಕು ಮಂದಿ ಮನೆಗೆ ಹೋಗಿದ್ದರು, ಉಳಿದವರಿಗೆ ನೀಲಾ ಇನ್ನೂ ಹಾಡುತ್ತಿದ್ದಳು.